ಗೋಮಾಳಕ್ಕೆ ಮತ್ತೆ ಹುಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಹುಲ್ಲುಗಾವಲನ್ನು ಬಂಜರು ನೆಲವೆಂದು ಕರೆಯುವುದು ತಪ್ಪು ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದನ್ನೇ: ಕೆಟ್ಟುಹೋದ ಗೋಮಾಳವನ್ನು, ಕಾವಲನ್ನು ಮತ್ತೆ ಹುಲ್ಲು ಬೆಳೆಯುವ ನೆಲವನ್ನಾಗಿ ಮಾಡುವುದು ಹೇಗೆ? ಅವುಗಳಲ್ಲಿ ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮೂರಿನ ಗೋಮಾಳ ಸುಮಾರು 60 ಎಕರೆ ಇದೆ. ಹದಿನೈದು ವರ್ಷಗಳ ಹಿಂದೆ ಅಲ್ಲಿ ಜೆಸಿಬಿಯಿಂದ ಸಾಲುಸಾಲಾಗಿ ಟ್ರೆಂಚು ತೆಗೆದು ನೀಲಗಿರಿ ನೆಟ್ಟಿದ್ದರು. ಈಗ ಮರಗಳನ್ನು ಕಡಿದಾಗಿದೆ, ನೆಲ ಬೋಳಾಗಿದೆ. ಈ ಮಳೆಗಾಲಕ್ಕೆ ಹೊಂಗೆ, ಬೇವು, ಹುಣಸೆ ಸಸಿಗಳನ್ನು ಉಚಿತವಾಗಿ ಕೊಡುತ್ತೇವೆಂದು ಒಂದು ಸಂಸ್ಥೆ ಮುಂದೆ ಬಂದಿದೆ. ಒಪ್ಪಿಕೊಳ್ಳಬಹುದೇ?
(ಹೊಸದುರ್ಗ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು)

ಉತ್ತರ: ಗೋಮಾಳದ ಮಟ್ಟಿಗೆ ಒಪ್ಪಿಕೊಳ್ಳಬೇಡಿ ಎಂದೇ ಹೇಳುತ್ತೇನೆ. ಕೊಡುವವರ ಮನಸ್ಸು ಒಳ್ಳೆಯದೇ ಇದ್ದೀತು. ಆ ಸಸಿಗಳನ್ನು ಶಾಲೆಯ ಅಂಗಳಕ್ಕೆ, ಕೆರೆ ಏರಿಯ ಕೆಳಗೆ, ರಸ್ತೆಯ ಬದಿಗೆ ಕೇಳಿಕೊಳ್ಳಿ. ಹೊಂಗೆಯೂ ಬೇವೂ ನಮ್ಮ ನೆಲದವೇ ಆದರೂ ಸಾಲು ಹಿಡಿದು ದಟ್ಟವಾಗಿ ನೆಟ್ಟರೆ ಅವುಗಳ ನೆರಳಿನಲ್ಲಿ ಗೋಮಾಳದ ಹುಲ್ಲು ಬದುಕುವುದಿಲ್ಲ, ಏಕೆಂದರೆ ದಖ್ಖನ್ನಿನ ಹುಲ್ಲುಗಳು ಇಡೀ ದಿನ ಬಿಸಿಲು ಕುಡಿಯುವ ಜಾತಿಯವು. 1973ರಲ್ಲಿ ದಬಡಘಾವ್ ಮತ್ತು ಶಂಕರನಾರಾಯಣ್ ಎಂಬ ವಿಜ್ಞಾನಿಗಳು ಭಾರತದ ಹುಲ್ಲುನೆಲಗಳನ್ನು ಐದು ಬಗೆಗಳಾಗಿ ವಿಂಗಡಿಸಿದಾಗ ನಮ್ಮ ಪರ್ಯಾಯದ್ವೀಪದ ಬಹುಭಾಗವನ್ನು ಸೇಹಿಮಾ ಮತ್ತು ಡೈಕ್ಯಾಂಥಿಯಂ ಹುಲ್ಲುಗಳ ಹೆಸರಿನಲ್ಲಿ ಗುರುತಿಸಿದ್ದರು. ಚದುರಿದಂತೆ ನಿಂತ ಜಾಲಿ, ಕಾರೆ, ಬೋರೆಗಳ ನಡುವೆ ಗುತ್ತಿಗುತ್ತಿಯಾಗಿ ಬೆಳೆಯುವ ಬಹುವಾರ್ಷಿಕ ಹುಲ್ಲು, ಇದು ನಿಮ್ಮ ಗೋಮಾಳದ ಮೂಲ ರೂಪ. ನೀವು ತಲುಪಬೇಕಾಗಿರುವುದು ಅಲ್ಲಿಗೆ.

ಮೊದಲ ಕೆಲಸಕ್ಕೆ ಕಾಸು ಬೇಕಿಲ್ಲ. ಮಳೆ ಬಂದು ಎರಡು ತಿಂಗಳಾದ ಮೇಲೆ ಗೋಮಾಳದ ಒಂದು ಮೂಲೆಯಿಂದ ಎದುರು ಮೂಲೆಗೆ ನೇರವಾಗಿ ನಡೆಯಿರಿ. ಹೆಜ್ಜೆ ಇಟ್ಟಾಗಲೆಲ್ಲ ಹೆಬ್ಬೆರಳಿನ ತುದಿಗೆ ಏನು ತಾಗಿದೆ ಎಂದು ನೋಡಿ ಬರೆದುಕೊಳ್ಳಿ: ಬರಿನೆಲವೇ, ಕಲ್ಲೇ, ಒಂದೇ ವರ್ಷ ಬಾಳುವ ಹುಲ್ಲೇ, ಬುಡಗಟ್ಟಿದ ಹುಲ್ಲೇ, ಕಳೆಯೇ. ನೂರು ಹೆಜ್ಜೆಯ ಲೆಕ್ಕವನ್ನು ನಾಲ್ಕೈದು ಕಡೆ ಮಾಡಿದರೆ ನಿಮ್ಮ ನೆಲದ ಜಾತಕ ಸಿಗುತ್ತದೆ. ಪೊರಕೆಗೆ ಬಳಸುವ ಹಂಚಿಕಡ್ಡಿ, ತಗಚೆ ಮತ್ತು ಪಾರ್ಥೇನಿಯಂ ತುಂಬಿವೆ ಎಂದರೆ ಮೇಲ್ಮಣ್ಣು ಸೋತಿದೆ ಎಂದು ತಿಳಿಯಬೇಕು. ಆದರೆ ನೂರರಲ್ಲಿ ಹತ್ತು ಹೆಜ್ಜೆಗಾದರೂ ಬುಡಗಟ್ಟಿದ ಹುಲ್ಲು ಸಿಕ್ಕರೆ ಅಲ್ಲಿ ಬಿತ್ತನೆಯ ಅಗತ್ಯವೇ ಇರಲಾರದು. ಎರಡು ಮಳೆಗಾಲ ಬಿಡುವು ಕೊಟ್ಟರೆ ಅದೇ ಹರಡಿಕೊಳ್ಳುತ್ತದೆ. ಸಂಪೂರ್ಣ ಬೋಳಾದ ತುಂಡುಗಳಲ್ಲಿ ಮಾತ್ರ ಬಿತ್ತಬೇಕು.

ಎರಡನೆಯದು ಟ್ರೆಂಚು. ನೀರಿಂಗಿಸುವ ಹೆಸರಿನಲ್ಲಿ ತೆಳುಮಣ್ಣಿನ ಹುಲ್ಲುನೆಲದಲ್ಲಿ ಯಂತ್ರ ಓಡಿಸಿದಾಗ ಏನಾಗುತ್ತದೆ ಎಂಬುದನ್ನು ನಾನು ಒಂದು ಕಾವಲಿನಲ್ಲಿ ಹತ್ತಿರದಿಂದ ನೋಡಿದ್ದೇನೆ. ಒಂದು ಗೇಣು ಕೆಮ್ಮಣ್ಣಿನ ಕೆಳಗೆ ಇದ್ದ ಬಿಳಿಯ ಗರಸು ಮೇಲೆ ಬಂದು ಗುಡ್ಡೆಯಾಗಿ ಬಿದ್ದಿತ್ತು. ಟ್ರೆಂಚು ತೆಗೆದು ಏಳು ಮಳೆಗಾಲ ಕಳೆದಿದ್ದರೂ ಆ ಗುಡ್ಡೆಯ ಮೇಲೆ ಒಂದು ಎಸಳು ಹುಲ್ಲಿರಲಿಲ್ಲ, ಎರಡು ಮಾರು ಆಚೆ ಯಂತ್ರ ತಾಗದ ನೆಲದಲ್ಲಿ ಮೊಣಕಾಲೆತ್ತರ ಹುಲ್ಲು ತೂಗುತ್ತಿತ್ತು. ಆದ್ದರಿಂದ ನಿಮ್ಮ ಟ್ರೆಂಚುಗಳ ಗರಸನ್ನು ಸಲಿಕೆಯಿಂದ ಮರಳಿ ಗುಂಡಿಗೇ ಎಳೆಸಿ, ಕೊನೆಗೆ ಸಿಗುವ ಕೆಂಪು ಮಣ್ಣು ಮೇಲೆ ಬರುವಂತೆ ಮುಚ್ಚಿಸಿ. ಇಳಿಜಾರು ಹೆಚ್ಚಿರುವಲ್ಲಿ ಮಾತ್ರ ಕಲ್ಲಿನ ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದ ಗೆರೆಯಲ್ಲಿ ಇಡಬಹುದು. ನೆಲವನ್ನು ಅಗೆಯದೆಯೇ ನೀರಿನ ಓಟಕ್ಕೆ ಅವು ತಡೆಯೊಡ್ಡುತ್ತವೆ.

ನೀಲಗಿರಿಯ ಬೊಡ್ಡೆಗಳು ಸುಮ್ಮನಿರುವುದಿಲ್ಲ. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡುವುದಕ್ಕೆ 2017ರಲ್ಲಿ ನಿಷೇಧ ಬಂದಿದ್ದರೂ ಹಳೆಯ ಬೊಡ್ಡೆಯ ಚಿಗುರಿಗೆ ಯಾವ ಆದೇಶವೂ ತಿಳಿಯದು. ಬೊಡ್ಡೆಯ ಸುತ್ತ ಬಿಡಿಸಿ, ಮಣ್ಣಿನ ಕೆಳಗಿನ ಗಂಟನ್ನು ಕಡಿದು ತೆಗೆದು, ಅದೇ ಮಣ್ಣಿನಿಂದ ಗುಂಡಿ ಮುಚ್ಚಬೇಕು. 60 ಎಕರೆಯಲ್ಲಿ ಒಂದೇ ವರ್ಷದಲ್ಲಿ ಇದು ಆಗುವ ಕೆಲಸವಲ್ಲ. ವರ್ಷಕ್ಕೆ 20 ಎಕರೆಯಂತೆ ಹಿಡಿಯಿರಿ, ಉಳಿದ ಕಡೆ ಚಿಗುರನ್ನು ಆಗಾಗ ಕೊಯ್ಯುತ್ತಿರಿ.

ಬೀಜವನ್ನು ಪೇಟೆಯಿಂದ ತರಿಸುವ ಮೊದಲು ಊರಿನ ಸ್ಮಶಾನ, ದೇವರ ಬನದ ಅಂಚು, ರೈಲು ಹಳಿಯ ಪಕ್ಕ, ಹಳೆಯ ಬದುಗಳನ್ನು ನೋಡಿ. ದನ ನುಗ್ಗದ ಇಂಥ ಜಾಗಗಳಲ್ಲಿ ನಿಮ್ಮ ಸೀಮೆಯ ಹುಲ್ಲುಗಳು ಇನ್ನೂ ಉಳಿದಿರುತ್ತವೆ. ಹೆಟೆರೊಪೊಗಾನ್ ಕಂಟಾರ್ಟಸ್ ಎಂಬ, ಪಂಚೆಯ ಅಂಚಿಗೆಲ್ಲ ಚುಚ್ಚಿಕೊಳ್ಳುವ ಹುಲ್ಲನ್ನು ನೀವು ಬಲ್ಲಿರಿ. ಅದರ ಒಂದು ಬೀಜವನ್ನು ಅಂಗೈ ಮೇಲಿಟ್ಟುಕೊಂಡು ಒಂದು ಹನಿ ನೀರು ಬಿಡಿ: ಹುರಿಗೊಂಡಿದ್ದ ಕಪ್ಪು ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ತಿರುಗತೊಡಗುತ್ತದೆ, ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ನೆಲದ ಮೇಲೆ ಬಿದ್ದಾಗ ಇಬ್ಬನಿ ಮತ್ತು ಬಿಸಿಲಿನ ಈ ಆಟದಲ್ಲಿಯೇ ಬೀಜ ಬೈರಿಗೆಯಂತೆ ಮಣ್ಣಿನೊಳಗೆ ಇಳಿಯುತ್ತದೆ. ತನ್ನನ್ನು ತಾನೇ ಬಿತ್ತಿಕೊಳ್ಳಬಲ್ಲ ಬೀಜ ಅದು. ನಾವು ಅದಕ್ಕೆ ಬೇಕಾದ ಸಡಿಲ ಮಣ್ಣನ್ನು ಉಳಿಸಿಕೊಟ್ಟರೆ ಸಾಕು.

ದಸರೆಯಿಂದ ಕಾರ್ತಿಕದವರೆಗೆ ತೆನೆ ಬಲಿತಾಗ ಬೀಜ ಸಂಗ್ರಹಿಸಿ, ನೆರಳಿನಲ್ಲಿ ಒಣಗಿಸಿ, ಗೋಣಿಚೀಲದಲ್ಲಿಟ್ಟು ಮುಂದಿನ ಮಳೆಗಾಲಕ್ಕೆ ಬಿತ್ತಿ. ಹೊಸ ಬೀಜವನ್ನು ಕೂಡಲೇ ಬಿತ್ತಿದರೆ ಹುಟ್ಟುವುದಿಲ್ಲ, ಈ ಹುಲ್ಲುಗಳಲ್ಲಿ ಹಲವಕ್ಕೆ ಕೆಲವು ತಿಂಗಳ ಸುಪ್ತಾವಸ್ಥೆ ಇದೆ. ಹುಲ್ಲಿನ ಬೀಜ ಗಾಳಿಗೆ ಹಾರುವಷ್ಟು ಹಗುರ. ಆದ್ದರಿಂದ ಒಂದು ಪಾಲು ಬೀಜ, ಒಂದು ಪಾಲು ಸಗಣಿ, ಮೂರು ಪಾಲು ಜೇಡಿಮಣ್ಣು, ಒಂದು ಪಾಲು ಮರಳನ್ನು ಕಲಸಿ ಕಡಲೆಗಾತ್ರದ ಉಂಡೆಗಳನ್ನು ಮಾಡಿ ಒಣಗಿಸಿಕೊಳ್ಳುವುದು ಒಳ್ಳೆಯದು. ಅಂಜನ ಹುಲ್ಲಿಗಾದರೆ ಹೆಕ್ಟೇರಿಗೆ ನಾಲ್ಕೈದು ಕಿಲೋ ಬೀಜ ಸಾಕು. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದು ಕಷ್ಟ, ಹಾಗಾಗಿ ಉಳುಮೆ ಬೇಡ. ಮುಳ್ಳುಕೊಂಪೆ ಎಳೆದು ಗೀರಿದರೆ ಆಯಿತು. ನಿಮ್ಮ ಕಡೆ ಮೃಗಶಿರ ಬಂದು ಆಮೇಲೆ ಮಳೆ ಕೈಕೊಡುವುದು ಮಾಮೂಲು, ಅದಕ್ಕಾಗಿ ಅರ್ಧ ಬೀಜವನ್ನು ಮುಂಗಾರಿಗೂ ಉಳಿದರ್ಧವನ್ನು ಹುಬ್ಬೆ, ಉತ್ತರೆ ಮಳೆಗೂ ಇಟ್ಟುಕೊಳ್ಳಿ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿಯೇ ಇದೆ, ಹುಲ್ಲಿನ ಜಾತಿ ಗುರುತಿಸಲು ಅವರ ನೆರವು ಕೇಳಿ.

ಪ್ರಶ್ನೆ: ನಮ್ಮದು ಕುರಿ ಸಾಕುವ ಕುಟುಂಬ. ಗೋಮಾಳಕ್ಕೆ ಬೇಲಿ ಹಾಕಿದರೆ ಹುಲ್ಲು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕುರಿಗಳು ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳುವುದಿಲ್ಲ.
(ಶಿರಾ ತಾಲ್ಲೂಕಿನಿಂದ)

ಉತ್ತರ: ನಿಮ್ಮ ಮಾತು ಸರಿಯಾಗಿದೆ. ಮೇಯಿಸುವವರನ್ನು ಹೊರಗಿಟ್ಟು ರೂಪಿಸಿದ ಯೋಜನೆ ಬೇಲಿಯ ಮೊದಲ ತಂತಿ ಕತ್ತರಿಸಿದ ದಿನವೇ ಮುಗಿಯುತ್ತದೆ. ಹುಲ್ಲುಗಾವಲಿನಿಂದ ಮೇಯುವ ಪ್ರಾಣಿಯನ್ನು ಶಾಶ್ವತವಾಗಿ ತೆಗೆದುಹಾಕುವುದೂ ಅದಕ್ಕೆ ಹಿತವಲ್ಲ: ಒಣಗಿದ ಹುಲ್ಲು ವರ್ಷಗಟ್ಟಲೆ ನಿಂತು ಹೊಸ ಚಿಗುರಿಗೆ ನೆರಳಾಗುತ್ತದೆ, ಬೇಸಿಗೆಯ ಬೆಂಕಿಗೆ ಉರುವಲಾಗುತ್ತದೆ.

ನೆಲವನ್ನು ಕೆಡಿಸುವುದು ಹೊತ್ತು ತಪ್ಪಿದ ಮೇಯಿಸುವಿಕೆ. ಹಸು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು ತಿನ್ನುತ್ತದೆ, ಕುರಿ ಬುಡದವರೆಗೆ ಕಚ್ಚುತ್ತದೆ. ಮೊದಲ ಮಳೆಗೆ ಚಿಗುರಿದ ಎಸಳನ್ನು ಬುಡಕ್ಕೇ ಕಚ್ಚಿದರೆ, ಬೇರಿನಲ್ಲಿ ಕೂಡಿಟ್ಟಿದ್ದನ್ನೆಲ್ಲ ಸುರಿದು ಎದ್ದ ಗಿಡಕ್ಕೆ ಎರಡನೆಯ ಸಲ ಏಳುವ ಶಕ್ತಿ ಉಳಿದಿರುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿತು: ಎಲೆಯಲ್ಲಿ ಅರ್ಧದಷ್ಟನ್ನು ಕತ್ತರಿಸಿದಾಗ ಬೇರಿನ ಬೆಳವಣಿಗೆ ಹೆಚ್ಚುಕಡಿಮೆ ಮುಂದುವರಿಯುತ್ತದೆ, ಅರ್ಧ ಮೀರಿ ಕತ್ತರಿಸುತ್ತ ಹೋದಂತೆ ಬೇರುಗಳು ದಿನಗಟ್ಟಲೆ ನಿಂತೇಬಿಡುತ್ತವೆ. ಅರ್ಧ ಮೇಯಿಸಿ ಅರ್ಧ ಬಿಡಬೇಕು ಎಂಬ ಸೂತ್ರಕ್ಕೆ ಇದೇ ಆಧಾರ.

ಹಾಗಾದರೆ ದಾರಿ ಯಾವುದು? ಗೋಮಾಳವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದನ್ನು ಮಾತ್ರ ಮುಂಗಾರಿನಿಂದ ಬೀಜ ಉದುರುವವರೆಗೆ ಮುಚ್ಚಿ. ದೀಪಾವಳಿಯ ನಂತರ ಆ ಪಾಲಿನ ಹುಲ್ಲನ್ನು ಮೊದಲು ಕುಡುಗೋಲಿನಿಂದ ಕೊಯ್ದು ಮನೆಗೆ ಒಯ್ಯಲು ಅವಕಾಶವಿರಲಿ, ಆಮೇಲೆ ಮಂದೆ ಇಳಿಯಲಿ. ಆಗ ಕುರಿಯ ಗೊರಸು ಉದುರಿದ ಬೀಜವನ್ನು ಮಣ್ಣಿಗೆ ತುಳಿಯುತ್ತದೆ, ಹಿಕ್ಕೆ ಗೊಬ್ಬರವಾಗುತ್ತದೆ. ಬೋಳು ತುಂಡುಗಳ ಮೇಲೆ ಎರಡು ಮೂರು ರಾತ್ರಿ ಮಂದೆ ನಿಲ್ಲಿಸಿದರೆ ಬಿತ್ತನೆಗಿಂತ ಒಳ್ಳೆಯ ಫಲ ಸಿಗುವುದುಂಟು. ಮುಚ್ಚಿದ ಪಾಲಿನ ಅವಧಿಯಲ್ಲಿ ಕುರಿಗಾರರಿಗೆ ಆಗುವ ನಷ್ಟವನ್ನು ಊರೇ ಹೊರಬೇಕು: ಕೊಯ್ದ ಹುಲ್ಲಿನಲ್ಲಿ ಮೊದಲ ಪಾಲು ಅವರಿಗೆ ಎಂದು ಗ್ರಾಮಸಭೆಯಲ್ಲಿ ಬರೆದಿಟ್ಟ ಮೇಲೆಯೇ ಬೇಲಿಯ ಮಾತು ತೆಗೆಯಬೇಕು. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವ್ರೆ ಬಜಾರ್‌ನಲ್ಲಿ ದನಗಳನ್ನು ಬಿಟ್ಟು ಮೇಯಿಸುವುದನ್ನು ನಿಲ್ಲಿಸಿ, ಹುಲ್ಲು ಕೊಯ್ದು ಒಯ್ಯುವ ಪದ್ಧತಿ ತಂದದ್ದು ಗ್ರಾಮಸಭೆಯೇ.

ಇದು ನಮಗೆ ಹೊಸ ಬುದ್ಧಿಯೂ ಅಲ್ಲ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆಬೇರೆಯಾಗಿ ಇಟ್ಟಿದ್ದರು. ನೀರು, ನೆರಳು ಇರುವ ಕಾವಲನ್ನು ಬೇಸಿಗೆಗೆಂದು ಕಾಯ್ದಿಟ್ಟು, ದನಗಳನ್ನು ಕಾಲಕ್ಕೆ ತಕ್ಕಂತೆ ಸಾಗಿಸುತ್ತಿದ್ದರು. ಚಳ್ಳಕೆರೆ ಸೀಮೆಯ ಮ್ಯಾಸನಾಯಕ ಸಮುದಾಯದ ದನಗಾಹಿಗಳಾದ ಕಿಲಾರಿಗಳು ದೇವರ ಎತ್ತುಗಳನ್ನು ಹೊಡೆದುಕೊಂಡು ಮೇವಿರುವ ಕಡೆಗೆ ಹೋಗುವುದರಲ್ಲಿಯೂ ಇದೇ ತಿಳಿವಳಿಕೆ ಇದೆ. ಕಾವಲುಗಳು ತುಂಡಾಗಿ, ಒತ್ತುವರಿಯಾಗಿ, ಬೇರೆ ಉದ್ದೇಶಗಳಿಗೆ ಹಂಚಿಹೋದ ಮೇಲೆ ಆ ಸಾಗಾಟಕ್ಕೆ ದಾರಿಯೇ ಉಳಿಯಲಿಲ್ಲ. ಉಳಿದ ತುಂಡಿನ ಮೇಲೆ ವರ್ಷವಿಡೀ ಎಲ್ಲ ಮಂದೆಯ ಭಾರ ಬಿತ್ತು. ಅದಕ್ಕೆ ಕುರಿಗಾರರನ್ನು ದೂರುವುದು ಅನ್ಯಾಯ. ನೂರು ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ಹೇಳುತ್ತದೆ. ನಿಮ್ಮ ಊರಿನ ಲೆಕ್ಕವನ್ನು ತಾಲ್ಲೂಕು ಕಚೇರಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಪ್ರಶ್ನೆ: ಬೋಳು ಗೋಮಾಳದಲ್ಲಿ ನೇಪಿಯರ್ ಹಾಕಬಹುದೇ?
(ಅರಸೀಕೆರೆಯಿಂದ)

ಉತ್ತರ: ಬೇಡ. ಅದು ನೀರು, ಗೊಬ್ಬರ ಕೊಟ್ಟು ಹೊಲದಲ್ಲಿ ಬೆಳೆಯುವ ಮೇವು, ಮಳೆಯಾಶ್ರಿತ ಗರಸಿನಲ್ಲಿ ನಿಲ್ಲುವುದಿಲ್ಲ. ಸ್ಟೈಲೋ ಎಂಬ ದ್ವಿದಳ ಮೇವಿನ ಗಿಡದ ಬಗ್ಗೆಯೂ ಹಲವರು ಕೇಳಿದ್ದಾರೆ. ಅದು ಮಣ್ಣಿಗೆ ಸಾರಜನಕ ಕೂಡಿಸುವುದು ನಿಜವಾದರೂ ಹೊರಗಿನ ಗಿಡ. ಹೊಲದ ಬದುವಿನಲ್ಲಿ ಇರಲಿ, ಊರಿನ ಹುಲ್ಲು ಇನ್ನೂ ಉಳಿದಿರುವ ನೆಲಕ್ಕೆ ಎರಚಬೇಡಿ.

ಪ್ರಶ್ನೆ: ನಮ್ಮ ಕಾವಲಿನ ಮುಕ್ಕಾಲು ಭಾಗ ಬಳ್ಳಾರಿ ಜಾಲಿ ಮುಚ್ಚಿಕೊಂಡಿದೆ. ಪ್ರತಿ ವರ್ಷ ಇದ್ದಿಲಿಗೆ ಕಡಿಯುತ್ತಾರೆ, ಆದರೂ ಹೆಚ್ಚುತ್ತಲೇ ಇದೆ. ಬೆಂಕಿ ಹಾಕಿದರೆ ಹೋಗುತ್ತದೆಯೇ?
(ಮೊಳಕಾಲ್ಮೂರು ತಾಲ್ಲೂಕಿನಿಂದ)

ಉತ್ತರ: ಬೆಂಕಿಗೆ ಹೋಗುವುದಿಲ್ಲ, ಬೆಂಕಿ ಸುಡುವುದು ಉಳಿದಿರುವ ಹುಲ್ಲನ್ನು. ಕಡಿದಷ್ಟೂ ಹೆಚ್ಚುವುದಕ್ಕೆ ಕಾರಣ ಅದರ ಬುಡದಲ್ಲಿದೆ: ನೆಲಮಟ್ಟಕ್ಕೆ ಕಡಿದ ಒಂದು ಕಾಂಡದ ಜಾಗದಲ್ಲಿ ಏಳೆಂಟು ಚಿಗುರುಗಳು ಏಳುತ್ತವೆ, ಮರವಾಗಿದ್ದದ್ದು ಪೊದೆಯಾಗುತ್ತದೆ.

ಇದರ ಅತಿ ದೊಡ್ಡ ಪಾಠ ಗುಜರಾತಿನ ಕಚ್ಛ್ ಜಿಲ್ಲೆಯ ಬನ್ನಿಯಲ್ಲಿದೆ. ಸುಮಾರು 2,500 ಚದರ ಕಿಲೋಮೀಟರ್ ಹರಡಿರುವ ಆ ಹುಲ್ಲುಗಾವಲಿನಲ್ಲಿ, ಪಕ್ಕದ ರಣ್ ಎಂಬ ಉಪ್ಪುಬಯಲಿನ ಉಪ್ಪು ಮುಂದೊತ್ತಿ ಬರುವುದನ್ನು ತಡೆಯಲೆಂದು 1961ರಲ್ಲಿ ಅರಣ್ಯ ಇಲಾಖೆ ಸುಮಾರು 31 ಸಾವಿರ ಹೆಕ್ಟೇರಿನಲ್ಲಿ ಈ ಗಿಡವನ್ನು ಬೆಳೆಸಿತು. ಜಾನುವಾರುಗಳು ಸಿಹಿಯಾದ ಕಾಯಿಯನ್ನು ತಿಂದು ಸಗಣಿಯ ಮೂಲಕ ಬೀಜವನ್ನು ಎಲ್ಲೆಡೆ ಬಿತ್ತಿದವು, ಇಂದು ಬನ್ನಿಯ ಅರ್ಧದಷ್ಟು ನೆಲದಲ್ಲಿ ಅದೇ ಇದೆ. ಎಮ್ಮೆ ಸಾಕುವ ಮಾಲ್ಧಾರಿಗಳು ಅದನ್ನು ಬೇರುಸಹಿತ ಕಿತ್ತು ಕಾಯ್ದ ತುಂಡುಗಳಲ್ಲಿ ಹುಲ್ಲು ಮರಳಿದೆ. ಇದ್ದಿಲಿಗಾಗಿ ಬರಿದೇ ಕಡಿದ ಕಡೆಗಳಲ್ಲಿ ಜಾಲಿಯೇ ಮರಳಿದೆ.

ಆದ್ದರಿಂದ ಬುಡದ ಗಂಟು ಸಹಿತ, ನೆಲದಿಂದ ಒಂದು ಅಡಿ ಕೆಳಗಿನವರೆಗೆ ಅಗೆದು ಕೀಳಬೇಕು. ಮುಕ್ಕಾಲು ಕಾವಲನ್ನು ಒಮ್ಮೆಲೇ ಕೀಳಲು ಹೋಗಬೇಡಿ. ಹುಲ್ಲು ಇನ್ನೂ ಇರುವ ಅಂಚಿನಿಂದ ಶುರುಮಾಡಿ, ದಟ್ಟಣೆಯ ಕಡೆಗೆ ವರ್ಷ ವರ್ಷ ಸರಿಯಿರಿ, ಏಕೆಂದರೆ ಹುಲ್ಲಿನ ಬೀಜ ಪಕ್ಕದಿಂದಲೇ ಬರಬೇಕು. ಕಿತ್ತ ಜಾಗದಲ್ಲಿ ಅದೇ ಮಳೆಗೆ ಬೀಜದುಂಡೆ ಹಾಕಿ. ಮಣ್ಣಿನಲ್ಲಿ ಉಳಿದ ಜಾಲಿ ಬೀಜಗಳು ವರ್ಷಗಳ ಕಾಲ ಹುಟ್ಟುತ್ತಲೇ ಇರುವುದರಿಂದ ಪ್ರತಿ ಮಳೆಗಾಲದ ಕೊನೆಗೆ, ಸಸಿ ಗೇಣುದ್ದ ಇರುವಾಗಲೇ ಹಸಿ ಮಣ್ಣಿನಿಂದ ಕೈಯಲ್ಲಿ ಕಿತ್ತುಹಾಕಿ. ಕಾಯಿ ಹಣ್ಣಾಗುವ ಕಾಲದಲ್ಲಿ ಜಾಲಿ ಮೇದ ಮಂದೆಯನ್ನು ನೇರವಾಗಿ ಶುದ್ಧವಾದ ಪಾಲಿಗೆ ಬಿಡದಿರುವುದೂ ಮುಖ್ಯ.

ಒಂದು ಎಚ್ಚರಿಕೆ: ಕೆಲಸಗಾರರು ಆತುರದಲ್ಲಿ ನಮ್ಮ ಕರಿಜಾಲಿಯನ್ನೂ ಕಿತ್ತುಬಿಡುತ್ತಾರೆ. ಹಳದಿ ಗುಂಡು ಹೂವು, ಮಣಿಸರದಂತೆ ಗಂಟುಗಂಟಾದ ಬೂದು ಕಾಯಿ ಇದ್ದರೆ ಕರಿಜಾಲಿ. ಉದ್ದನೆಯ ತೆನೆಯಂಥ ಹೂವು, ನಯವಾದ ಹಳದಿ ಕಾಯಿ ಇದ್ದರೆ ಬಳ್ಳಾರಿ ಜಾಲಿ. ಮೊದಲನೆಯದನ್ನು ಉಳಿಸಲೇಬೇಕು.

ಪ್ರಶ್ನೆ: ಸಂಡೂರಿನ ಗಣಿಗಳ ಮಣ್ಣಿನ ಗುಡ್ಡೆಗಳ ಮೇಲೆ ಹಸಿರು ಮಾಡಿದ್ದೇವೆ ಎಂದು ತೋರಿಸುತ್ತಾರೆ. ಅದು ನಿಜವಾದ ಪುನಶ್ಚೇತನವೇ?
(ಬಳ್ಳಾರಿಯ ವಿದ್ಯಾರ್ಥಿನಿ)

ಉತ್ತರ: ಹಸಿರು ಕಾಣುವುದು ಬೇರೆ, ನೆಲ ಮತ್ತೆ ತನ್ನ ಕೆಲಸ ಮಾಡುವುದು ಬೇರೆ. ಆ ಗುಡ್ಡೆಯ ಮೇಲಿರುವುದು ಭೂಮಿಯ ಹೊಟ್ಟೆಯಿಂದ ಬಂದ ಕಲ್ಲುಮಣ್ಣು, ಅದರಲ್ಲಿ ಬೀಜವಿಲ್ಲ, ಎರೆಹುಳುವಿಲ್ಲ, ಬೇರಿಗೆ ಜೊತೆಯಾಗುವ ಶಿಲೀಂಧ್ರವಿಲ್ಲ. ಇವೆಲ್ಲ ಇದ್ದದ್ದು ಗಣಿ ತೋಡುವ ಮೊದಲು ಕೆರೆದು ತೆಗೆದ ಒಂದು ಗೇಣು ಮೇಲ್ಮಣ್ಣಿನಲ್ಲಿ. ಅದನ್ನು ಬೇರೆಯಾಗಿ, ಎತ್ತರದ ರಾಶಿ ಮಾಡದೆ ಇಟ್ಟು, ಸಾಧ್ಯವಾದಷ್ಟು ಬೇಗ ಮರಳಿ ಹರಡಬೇಕು. ರಾಶಿಯ ಒಳಗೆ ಗಾಳಿಯಾಡದೆ ವರ್ಷಗಟ್ಟಲೆ ಕೂತರೆ ಮಣ್ಣಿನ ಜೀವ ಸಾಯುತ್ತದೆ. ಇಳಿಜಾರನ್ನು ಮೆಟ್ಟಿಲುಗಳಾಗಿ ತಗ್ಗಿಸಿ, ಬುಡಕ್ಕೆ ಕಲ್ಲುಗೋಡೆ ಕಟ್ಟಿ, ತೆಂಗಿನ ನಾರಿನ ಚಾಪೆ ಹಾಸಿ, ಮೊದಲು ಹುಲ್ಲು ಹಿಡಿಸಬೇಕು. ಹುಲ್ಲಿನ ನಾರುಬೇರು ಮಣ್ಣನ್ನು ಹೊಲಿದ ಮೇಲೆಯೇ ಪೊದೆಗೂ ಮರಕ್ಕೂ ಸರದಿ. ಸಂಡೂರಿನ ಬೆಟ್ಟಗಳಲ್ಲಿ ಕಾಡೂ ಇದೆ, ಹುಲ್ಲಿನ ಇಳಿಜಾರೂ ಇದೆ. ಯಾವ ಜಾಗದಲ್ಲಿ ಯಾವುದಿತ್ತೋ ಅಲ್ಲಿ ಅದನ್ನೇ ತರಬೇಕು.

ಕಾನೂನಿನ ಆಸರೆಯೂ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಬಳಿಕ, ಪ್ರತಿ ಗಣಿ ಗುತ್ತಿಗೆಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ ಕಡ್ಡಾಯವಾಯಿತು. 2020ರ ಜನವರಿಯಲ್ಲಿ ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಸ್ಪಷ್ಟವಾಗಿ ಹೇಳಿತು: ಗಣಿಗಾರಿಕೆ ಮುಗಿದ ಮೇಲೆ ಗುತ್ತಿಗೆದಾರರು ಗಣಿ ಪ್ರದೇಶಕ್ಕೂ ಅದರಿಂದ ಕದಡಿಹೋದ ಸುತ್ತಲಿನ ನೆಲಕ್ಕೂ ಮತ್ತೆ ಹುಲ್ಲು ಹಿಡಿಸಿ, ಮೇವು, ಸಸ್ಯ, ಪ್ರಾಣಿಗಳಿಗೆ ಯೋಗ್ಯವಾದ ಸ್ಥಿತಿಗೆ ತರಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲಿ ಸೇರಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಮರ ಎನ್ನದೆ ಹುಲ್ಲು ಎಂದದ್ದನ್ನು ಗಮನಿಸಿ. ನನ್ನ ದೃಷ್ಟಿಯಲ್ಲಿ ಕರ್ನಾಟಕದ ಮೇವಿನ ನೆಲಗಳಿಗೆ ಇದಕ್ಕಿಂತ ಮುಖ್ಯವಾದ ವಾಕ್ಯ ಇತ್ತೀಚಿನ ವರ್ಷಗಳಲ್ಲಿ ಬರೆದಿಲ್ಲ.

ಎಷ್ಟು ಕಾಲ ಹೊಣೆ ಹೊರಬೇಕು ಎಂಬುದಕ್ಕೆ ಅಮೆರಿಕದ ಉದಾಹರಣೆ ನೋಡಬಹುದು. ಅಲ್ಲಿ ಕಲ್ಲಿದ್ದಲು ತೆರೆಗಣಿಗಳ 1977ರ ಕಾಯ್ದೆಯಂತೆ ಗಣಿ ಕಂಪನಿ ಮೊದಲೇ ಠೇವಣಿ ಇಡಬೇಕು. ಸಸ್ಯ ಹಿಡಿಸುವ ಕೆಲಸ ಮುಗಿದ ಮೇಲೂ ಐದು ವರ್ಷ, ವಾರ್ಷಿಕ ಮಳೆ 26 ಇಂಚು ಅಥವಾ ಅದಕ್ಕಿಂತ ಕಡಿಮೆ ಇರುವಲ್ಲಿ ಹತ್ತು ವರ್ಷ, ಹೊಣೆ ಅದರದ್ದೇ. ಬಳ್ಳಾರಿಯ ಬಯಲು ಸೀಮೆಯ ಮಳೆ ಆ 26 ಇಂಚಿಗಿಂತ ಕಡಿಮೆ. ಎರಡು ಮಳೆಗಾಲದ ಹಸಿರನ್ನು ತೋರಿಸಿ ಕೈತೊಳೆದುಕೊಳ್ಳುವುದನ್ನು ನಾವೂ ಒಪ್ಪಬಾರದು.

ಪ್ರಶ್ನೆ: ಹುಲ್ಲುಗಾವಲು ನಿಜವಾಗಿ ಮರಳಿ ಬಂದಿದೆ ಎಂದು ತಿಳಿಯುವುದು ಹೇಗೆ, ಎಷ್ಟು ವರ್ಷ ಬೇಕು?
(ಮಧುಗಿರಿಯಿಂದ ಶಿಕ್ಷಕರೊಬ್ಬರು)

ಉತ್ತರ: ಮೇಲ್ಮಣ್ಣು ಉಳಿದಿದ್ದರೆ ಎರಡು ಮೂರು ಮಳೆಗಾಲಕ್ಕೆ ಹಸಿರು, ಐದಾರು ವರ್ಷಕ್ಕೆ ಬುಡಗಟ್ಟಿದ ಹುಲ್ಲು. ಉಳುಮೆ ಅಥವಾ ಯಂತ್ರ ತಾಗಿದ ನೆಲಕ್ಕೆ ಹತ್ತು ವರ್ಷ ಮೀರಿದರೂ ಆಶ್ಚರ್ಯವಿಲ್ಲ, ಕೆಲವು ಗಿಡಗಳು ಮರಳದೆಯೂ ಇರಬಹುದು. ಅದಕ್ಕಾಗಿಯೇ ಉಳುಮೆ ತಾಗದ ಹಳೆಯ ಹುಲ್ಲುನೆಲವನ್ನು ಕಳೆದುಕೊಳ್ಳದಿರುವುದು ಯಾವ ಪುನಶ್ಚೇತನಕ್ಕಿಂತಲೂ ಅಗ್ಗ. ನಿಮ್ಮ ತಾಲ್ಲೂಕಿನಲ್ಲಿಯೇ ಮೈದನಹಳ್ಳಿಯ ಬಳಿ 2007ರಲ್ಲಿ ಘೋಷಣೆಯಾದ, 798 ಎಕರೆಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮೊದಲ ಉತ್ತರದಲ್ಲಿ ಹೇಳಿದ ಹೆಜ್ಜೆಲೆಕ್ಕವನ್ನು ಅಲ್ಲಿಯೂ ಮಾಡಿಸಿ, ನಿಮ್ಮೂರಿನ ಗೋಮಾಳದಲ್ಲಿಯೂ ಮಾಡಿಸಿ; ಎರಡು ಪಟ್ಟಿಗಳನ್ನು ತರಗತಿಯ ಗೋಡೆಗೆ ಅಕ್ಕಪಕ್ಕ ಅಂಟಿಸಿ. ಜೊತೆಗೆ ಮೂರನ್ನು ಗಮನಿಸಲು ಹೇಳಿ: ಜೋರು ಮಳೆಯಾದ ಮರುದಿನ ಗೋಮಾಳದ ಹಳ್ಳದಲ್ಲಿ ಹರಿಯುವ ನೀರು ಕೆಂಪೇ ತಿಳಿಯೇ, ಸಗಣಿಯ ಹೆಂಟೆ ಎತ್ತಿದರೆ ಅಡಿಯಲ್ಲಿ ಸಗಣಿಹುಳು ಇದೆಯೇ, ನೆಲದ ಮೇಲೆ ಗೂಡು ಕಟ್ಟುವ ನೆಲಗುಬ್ಬಿ, ಬಾನಾಡಿಗಳು ಹುಲ್ಲಿನ ನಡುವೆ ಮರಿ ಮಾಡಿವೆಯೇ. ಒಂದು ದೊಡ್ಡ ಬಂಡೆಯನ್ನು ಗುರುತು ಮಾಡಿ, ಪ್ರತಿ ವರ್ಷ ದೀಪಾವಳಿಯ ವಾರ ಅದರ ಮೇಲೆ ನಿಂತು ಒಂದೇ ದಿಕ್ಕಿಗೆ ಒಂದು ಫೋಟೊ ತೆಗೆದು, ಹಿಂಭಾಗದಲ್ಲಿ ತಾರೀಖು ಬರೆದು ಶಾಲೆಯ ಕಡತದಲ್ಲಿಡಿ.